ಮಾರಕ್ಕನ ಮೂವತ್ತು ಹೆಜ್ಜೆ

ನಮ್ಮ ಯೂನಿಟ್ಟಿನಲ್ಲಿ ಎಂಟು ಜನ. ಪೀಣ್ಯ ಎರಡನೇ ಹಂತದಲ್ಲಿ, ಗೇರ್ ಕಡಿಯುವವರ ಶೆಡ್ಡಿನ ಮೇಲಿನ ಮಹಡಿ ನಮ್ಮದು. ಕೆಳಗೆ ಮಿಷನ್ ಓಡಿದರೆ ಮೇಲೆ ನಮ್ಮ ಟೀ ಲೋಟ ನಡುಗುತ್ತದೆ. ನಾನು ದ್ಯಾಮಣ್ಣ. ಟೆಂಪೊ ಓಡಿಸುತ್ತೇನೆ, ಮಾಲು ಪ್ಯಾಕ್ ಮಾಡುತ್ತೇನೆ.

ಮಾರಕ್ಕ ಸರ್ಕ್ಯೂಟ್ ಬೋರ್ಡಿಗೆ ಸೀಸ ಹಾಕುತ್ತಾಳೆ, ಅಂದರೆ ಸಾಲ್ಡರಿಂಗ್. ಅರವತ್ತು ದಾಟಿದೆ. ಹತ್ತೊಂಬತ್ತನೇ ವರ್ಷಕ್ಕೆ ಒಂದು ರೇಡಿಯೊ ಯೂನಿಟ್ಟಿನಲ್ಲಿ ತಂತಿ ಸುತ್ತಲು ಸೇರಿದವಳು, ಇವತ್ತಿಗೂ ಕಾವಿನ ಕಡ್ಡಿ ಕೈಬಿಟ್ಟಿಲ್ಲ. ಸಾಸಿವೆಗಿಂತ ಸಣ್ಣ ಸಾಮಾನನ್ನು ಚಿಮುಟದಲ್ಲಿ ಹಿಡಿದು ಕೂರಿಸುತ್ತಾಳೆ. ಗಂಡ ಫೌಂಡ್ರಿಯಲ್ಲಿದ್ದ, ತೀರಿಕೊಂಡ. ಮಗಳು ಗೌರಿಗೆ ಮದುವೆಯಾಗಿದೆ. ಮಾರಕ್ಕ ಚಿಕ್ಕಬಾಣಾವರದಿಂದ ಬಸ್ಸಿನಲ್ಲಿ ಬರುತ್ತಾಳೆ, ಸಂಜೆ ನಾನು ಆ ಕಡೆ ಹೋಗುವುದಿದ್ದರೆ ನನ್ನ ಟೆಂಪೊ ಹತ್ತುತ್ತಾಳೆ.

ಆದರೆ ಹುಟ್ಟಿದ ಊರು ಯಾವುದು ಎಂದರೆ ಕೈಯನ್ನು ಕಿಟಕಿಯ ಕಡೆ ತೋರಿಸುತ್ತಾಳೆ. ಕಿಟಕಿಯಲ್ಲಿ ಕಾಣುವುದು ಸಿಮೆಂಟ್ ಶೀಟು, ಚಿಮಣಿ, ನೀರಿನ ಟ್ಯಾಂಕು. ಅವಳಪ್ಪ ಹನುಮಯ್ಯನ ಜಮೀನು ಅಲ್ಲೇ ಇತ್ತಂತೆ. ರಾಗಿ, ಅವರೆ ಬೆಳೆಯುತ್ತಿದ್ದರಂತೆ.

ನಮ್ಮ ಸಾಹುಕಾರರು ಭಾನುಪ್ರಕಾಶ್ ಸಾರ್. ಸರ್ಕಾರಿ ಫ್ಯಾಕ್ಟರಿಯಲ್ಲಿ ರೇಡಾರ್ ಕೆಲಸ ಮಾಡಿ ರಿಟೈರ್ ಆದವರು. ಮನೆಯಲ್ಲಿ ಕೂರಲು ಬರದೆ ಈ ಯೂನಿಟ್ ಹಾಕಿದರು. ನಾವು ಮಾಡುವುದು ರೇಡಾರಿನ ಅಲೆ ಹುಟ್ಟಿಸುವ ಬೋರ್ಡು. ಅಲೆ ಮೆಲ್ಲಗೆ ಶುರುವಾಗಿ, ಒಂದೇ ಏರಿನಲ್ಲಿ ಜೋರಾಗುತ್ತಾ ಹೋಗಬೇಕು. ಅದಕ್ಕೆ ಇವರೆಲ್ಲ ಚರ್ಪ್ ಎನ್ನುತ್ತಾರೆ.

ಒಂದು ದಿನ ಟೀ ಹೊತ್ತಿನಲ್ಲಿ ಮಾರಕ್ಕ ಕೇಳಿದಳು.

“ಸಾರ್, ದಿನಾ ಸೀಸ ಆಕ್ತೀನಿ. ಒಳಗೆ ಏನ್ ನಡೀತದೆ ಅಂತ ಒಂದಪನಾದ್ರೂ ಏಳಿ.”

ಸಾರ್ ಬಿಳಿ ಬೋರ್ಡಿನ ಮುಂದೆ ನಿಂತರು. “ಒಳಗೆ ಒಂದು ಗಡಿಯಾರ ಇದೆಯಮ್ಮ. ಒಂದೊಂದು ಟಿಕ್ಕಿಗೂ ಒಂದು ಸಂಖ್ಯೆ ಕೂಡುತ್ತಾ ಹೋಗುತ್ತೆ. ಕೂಡಿ ಕೂಡಿ ಒಂದು ಸುತ್ತು ತುಂಬಿದರೆ ಮತ್ತೆ ಸೊನ್ನೆಯಿಂದ. ಸುತ್ತಿನಲ್ಲಿ ಈಗ ಎಲ್ಲಿದೀನಿ ಅಂತ ನೋಡಿಕೊಂಡು, ಪಟ್ಟಿಯಲ್ಲಿ ಹುಡುಕಿ, ಅಲೆ ಇಷ್ಟು ಎತ್ತರ ಇರಲಿ ಅನ್ನುತ್ತೆ.”

ಮಾರಕ್ಕ ಸ್ವಲ್ಪ ಹೊತ್ತು ಲೋಟ ತಿರುಗಿಸಿದಳು. “ರಾಗಿ ಕಲ್ಲು, ಅಂಗಾದ್ರೆ.”

“ಏನು?”

“ಗೂಟ ಇಡ್ಕೊಂಡು ಬೀಸ್ತೀವಲ್ಲ ಸಾರ್. ಬೆಳಗಿನ ಬಿಸಿಲಾಗೆ ಗೂಟದ ನೆರಳು ಗೋಡೆ ಮ್ಯಾಲೆ ಆ ಕಡೆಗೆ ಓಗ್ತದೆ, ಈ ಕಡೆಗೆ ಬತ್ತದೆ. ಕಲ್ಲು ಸುತ್ತೋದು, ನೆರಳು ತೂಗೋದು. ಬಿರ್ರನೆ ಬೀಸಿದ್ರೆ ನೆರಳೂ ಬಿರ್ರನೆ.”

ಸಾರ್ ಪೆನ್ನು ತೆಗೆದುಕೊಂಡರು. ಬೋರ್ಡಿನ ಮೇಲೆ ಒಂದು ರಾಗಿ ಕಲ್ಲು ಬರೆದರು. ಪಕ್ಕದಲ್ಲಿ ಗೋಡೆ, ಅದರ ಮೇಲೆ ನೆರಳು. ಆ ಚಿತ್ರ ಈಗಲೂ ಇದೆ, ಯಾರೂ ಒರೆಸಿಲ್ಲ. ಆಮೇಲೆ ಅದಕ್ಕೇ ಇನ್ನೊಂದು ಕಲ್ಲು ಸೇರಿಸಿದರು. ಕಳಿಸಿದ ಅಲೆ ಎಲ್ಲಿಗೋ ಬಡಿದು ವಾಪಸ್ ಬರುತ್ತದಲ್ಲ, ಅದು ತಡವಾಗಿ ಬೀಸಲು ಕೂತ ಎರಡನೇ ಹೆಂಗಸು. ಅವಳು ಇನ್ನೂ ಮೆಲ್ಲಗಿದ್ದಾಗ ಮೊದಲನೆಯವಳ ಕಲ್ಲು ಜೋರಾಗಿರುತ್ತದೆ. ಇಬ್ಬರ ವೇಗಕ್ಕೂ ಎಷ್ಟು ವ್ಯತ್ಯಾಸವೋ ಆ ವಸ್ತು ಅಷ್ಟು ದೂರ. ನನಗೂ ಅರ್ಥವಾಯಿತು. ಮೆಲ್ಲಗಿನಿಂದ ಜೋರಿನವರೆಗಿನ ಓಟ ಎಷ್ಟು ಅಗಲವೋ, ಅಷ್ಟು ಸಣ್ಣ ವಸ್ತುವೂ ಬೇರೆಯಾಗಿ ಕಾಣುತ್ತದೆ ಎಂದೂ ಹೇಳಿದರು.

ಸಂಜೆ ಟೆಂಪೊದಲ್ಲಿ ಮಾರಕ್ಕ ಹೇಳಿದಳು, “ನಮ್ಮವ್ವನ ಮಕ ನಂಗೆ ಗ್ಯಾಪ್ಕ ಇಲ್ಲ ದ್ಯಾಮಣ್ಣ. ಆ ನೆರಳು ಗ್ಯಾಪ್ಕ ಐತೆ. ಗೂಟದ ಮ್ಯಾಲೆ ಕೈ.”

ಅವಳಿಗೆ ಒಂಬತ್ತು ವರ್ಷವಿದ್ದಾಗ ಅವ್ವ ಹೋದಳು. ಆಗ ಫೋಟೊ ಯಾರು ತೆಗೆಸುತ್ತಿದ್ದರು. ಸ್ವಂತ ಹೊಲದ ಮೂಲೆಯಲ್ಲಿ ಮಣ್ಣು ಮಾಡಿ, ಮೇಲೆ ಆರಡಿ ಚಪ್ಪಡಿ ಕಲ್ಲು ಹಾಕಿದರು. ಎರಡು ವರ್ಷಕ್ಕೆ ಜಮೀನು ಕೈಗಾರಿಕೆಗೆ ಹೋಯಿತು. ತಗ್ಗಿಗೆಲ್ಲ ಮಣ್ಣು ತುಂಬಿ ಮಟ್ಟ ಮಾಡಿದರು. ಕಲ್ಲು ನಾಲ್ಕಡಿ ಕೆಳಗೆ ಹೋಯಿತು ಎಂದು ಹನುಮಯ್ಯ ಹೇಳುತ್ತಿದ್ದನಂತೆ. ಅವನು ಗುರುತು ಇಟ್ಟುಕೊಂಡಿದ್ದ. ಹುಣಸೆ ಮರದಿಂದ ಮೂವತ್ತು ಹೆಜ್ಜೆ, ಸೂರ್ಯ ಹುಟ್ಟುವ ಕಡೆಗೆ.

ಆ ಹುಣಸೆ ಮರ ಇನ್ನೂ ಇದೆ. ಒಂದು ಸ್ಪ್ರಿಂಗ್ ಕಾರ್ಖಾನೆಯ ಕಾಂಪೌಂಡಿನೊಳಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ. ಪಿತೃಪಕ್ಷದ ಅಮಾವಾಸ್ಯೆಗೆ ಮಾರಕ್ಕ ಅಲ್ಲಿ ಎಡೆ ಇಡುತ್ತಾಳೆ. ಮೊದಲು ಅಪ್ಪನ ಜೊತೆ ಹೋಗುತ್ತಿದ್ದಳು, ಅವನು ಮರದ ಬುಡದಲ್ಲೇ ಕೂತುಬಿಡುತ್ತಿದ್ದ, ಹೆಜ್ಜೆ ಎಣಿಸಿ ಎಡೆ ಇಡುತ್ತಿದ್ದವಳು ಇವಳೇ. ಆಮೇಲೆ ಒಬ್ಬಳೇ ಹೋದಳು. ಮುದ್ದೆ, ಅವರೆಕಾಳು ಸಾರು, ಒಂದು ಎಲೆ ಅಡಿಕೆ. ವಾಚ್‌ಮನ್ನುಗಳು ಬದಲಾದರೂ ಒಬ್ಬರು ಇನ್ನೊಬ್ಬರಿಗೆ ಹೇಳಿ ಹೋಗುತ್ತಾರೆ, ಬಿಡುತ್ತಾರೆ. ಆದರೆ ಎಡೆ ಇಡುವುದು ಅಂದಾಜಿನ ಮೇಲೆ. ಕಲ್ಲು ಎಲ್ಲಿದೆ ಎಂದು ಕಂಡವರಿಲ್ಲ. ಹನುಮಯ್ಯನನ್ನು ಚಿಕ್ಕಬಾಣಾವರದಲ್ಲಿ ಮಣ್ಣು ಮಾಡಿದಾಗ ಪಕ್ಕದಲ್ಲಿ ಒಬ್ಬರ ಜಾಗ ಬಿಡಿಸಿದ್ದಾಳೆ. ಅವ್ವನಿರುವ ಮಣ್ಣು ಒಂದು ಹಿಡಿಯಾದರೂ ತಂದು ಅಲ್ಲಿ ಸೇರಿಸಬೇಕು. ಅವಳಿಗೆ ಇರುವ ಆಸೆ ಅದೊಂದೇ.

ಈ ವರ್ಷ ನಮಗೆ ಹೊಸ ಕೆಲಸ ಬಂತು. ನೆಲ ನೋಡುವ ರೇಡಾರು. ರಸ್ತೆ ಅಗೆಯುವ ಮೊದಲು ಕೆಳಗೆ ಪೈಪು ಎಲ್ಲಿದೆ, ಕೇಬಲ್ ಎಲ್ಲಿದೆ ಎಂದು ತಿಳಿಯಲು. ನಾಲ್ಕು ಚಕ್ರದ ಪುಟ್ಟ ಗಾಡಿ, ಹೊಟ್ಟೆಯ ಕೆಳಗೆ ಒಂದು ಪೆಟ್ಟಿಗೆ, ಮೇಲೆ ಲ್ಯಾಪ್‌ಟಾಪು. ತಳ್ಳುತ್ತಾ ಹೋದರೆ ಪರದೆಯ ಮೇಲೆ ನೆಲದ ಹೊಟ್ಟೆ ಕಾಣುತ್ತದೆ. ಇದನ್ನು ನೋಡಿಕೊಳ್ಳಲು ಸಮೀಕ್ಷಾ ಎಂಬ ಇಂಜಿನಿಯರ್ ಬಂದಳು. ಮಾರಕ್ಕನನ್ನು ಕಂಡರೆ ಅವಳಿಗೆ ಇಷ್ಟ. ತಾನು ಮಾಡಿದ ಜಾಯಿಂಟನ್ನು ಮಾರಕ್ಕನ ಕೈಲಿ ಬೈಸಿಕೊಳ್ಳದೆ ಮುಂದೆ ಕಳಿಸುತ್ತಿರಲಿಲ್ಲ.

ಭಾನುಪ್ರಕಾಶ್ ಸಾರ್ ಒಂದು ಪದ್ಧತಿ ಇಟ್ಟಿದ್ದಾರೆ. ಯಾವ ಸೆಟ್ಟಾದರೂ ಸರಿ, ಕೆಲಸಕ್ಕೆ ಇಳಿಸುವ ಮೊದಲು ತಾರಸಿಗೆ ಒಯ್ದು ಅದರ ಮುಖ ಮೇಲೆ ಮಾಡಬೇಕು. ಆಕಾಶದಿಂದ ಏನೂ ವಾಪಸ್ ಬರುವುದಿಲ್ಲ. ಪರದೆ ಬರಿದಾಗಿರಬೇಕು. ಏನಾದರೂ ಕಂಡರೆ ಅದು ಸೆಟ್ಟು ತಾನೇ ಹುಟ್ಟಿಸಿದ ಸುಳ್ಳು. ನಾವು ಅದಕ್ಕೆ ಆಕಾಶಕ್ಕೆ ತೋರಿಸುವುದು ಎನ್ನುತ್ತೇವೆ. ಬರಿದಾಗಿದ್ದರೆ ಮಾರಕ್ಕ “ಖಾಲಿ” ಎನ್ನುತ್ತಾಳೆ. ಆಗ ನಾನು ಪ್ಯಾಕ್ ಮಾಡಬಹುದು.

ಗಾಡಿ ಬಂದ ವಾರವೇ ಮಾರಕ್ಕ ಕೇಳಿದಳು.

“ಸಾರ್, ಕಲ್ಲು ಚಪ್ಪಡಿ ಕಾಣ್ತದಾ ಇದ್ರಾಗೆ?”

“ಎಷ್ಟು ಆಳ?”

“ನಾಕಡಿ.”

“ಮಣ್ಣು ಒಣಗಿದ್ದರೆ ಕಾಣುತ್ತೆ.”

ಯಾಕೆ ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂರು ವಾರ ಸುಮ್ಮನಿದ್ದಳು. ಆಮೇಲೊಂದು ದಿನ ಸ್ಪ್ರಿಂಗ್ ಕಾರ್ಖಾನೆಯ ವಾಚ್‌ಮನ್ ಸುದ್ದಿ ತಂದ. ಹಿಂದೆ ಕಂಪ್ರೆಸರ್ ರೂಮಿಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ ಹೊಸ ಜನರೇಟರ್ ಕೂರಿಸುತ್ತಾರೆ, ಸೋಮವಾರ ಜೆಸಿಬಿ ಬರುತ್ತದೆ. ಹುಣಸೆ ಮರದಿಂದ ಮೂವತ್ತು ಹೆಜ್ಜೆ ಇಟ್ಟರೆ ಆ ಸಂದಿಯೇ. ಅಂದು ಮಾರಕ್ಕ ಎಲ್ಲವನ್ನೂ ಸಾರಿಗೆ ಹೇಳಿದಳು. ಸಾರ್ ಕಾರ್ಖಾನೆಯ ಮ್ಯಾನೇಜರಿಗೆ ಫೋನ್ ಮಾಡಿದರು.

ಮ್ಯಾನೇಜರ್ ಕೆಟ್ಟವನಲ್ಲ. ಭಾನುವಾರ ಹನ್ನೊಂದು ಗಂಟೆಗೆ ಬನ್ನಿ, ಅರ್ಧ ಗಂಟೆ ಕೊಡುತ್ತೇನೆ ಎಂದ. ಕಲ್ಲು ಇದೆ ಎಂದು ತೋರಿಸಿದರೆ ಜೆಸಿಬಿ ನಿಲ್ಲಿಸಿ ಕೈಯಲ್ಲಿ ಅಗೆಸುತ್ತೇನೆ, ಇಲ್ಲದಿದ್ದರೆ ನನ್ನ ಕೆಲಸ ನಡೆಯುತ್ತದೆ ಎಂದ.

ಶನಿವಾರ ಮಾರಕ್ಕ ಸಮೀಕ್ಷಾಳ ಪಕ್ಕ ಹೋಗಿ ಕೂತಳು.

“ಅಮ್ಮಣ್ಣಿ, ಇನ್ನೂ ಅಗಲ ಮಾಡಕ್ಕಾಯ್ತದಾ? ಇನ್ನೂ ಸಣ್ಣದು ಕಾಣಂಗೆ.”

“ಕಲ್ಲು ಕಾಣೋಕೆ ಇಷ್ಟೇ ಸಾಕು ಮಾರಕ್ಕ.”

“ಕಲ್ಲು ಒಡೆದೋಗಿದ್ರೆ? ಚೂರಾಗಿದ್ರೆ?”

ಸಮೀಕ್ಷಾ ಅವಳ ಮುಖ ನೋಡಿದಳು. “ಸರಿ, ಡಬಲ್ ಮಾಡ್ತೀನಿ ಬಿಡಿ.” ಅಲೆ ಎಲ್ಲಿಯವರೆಗೆ ಏರಬೇಕೋ ಆ ಸಂಖ್ಯೆಯನ್ನು ಎರಡರಷ್ಟು ಮಾಡಿದಳು.

ಅವತ್ತು ನಮ್ಮ ತಾರಸಿಗೆ ಟಾರು ಬಳಿಯುತ್ತಿದ್ದರು. ಕಾಲಿಡುವಂತಿರಲಿಲ್ಲ. ನಾಳೆ ಅಲ್ಲೇ ಆಕಾಶಕ್ಕೆ ತೋರಿಸಿದರಾಯಿತು ಎಂದುಕೊಂಡು ಗಾಡಿಯನ್ನು ಟೆಂಪೊಗೆ ಏರಿಸಿದೆವು.

ಭಾನುವಾರ ಮಾರಕ್ಕ ತಲೆಗೆ ನೀರು ಹಾಕಿಕೊಂಡು, ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟು ಬಂದಿದ್ದಳು. ಗೇಟಿನಲ್ಲಿ ಹೆಸರು ಬರೆದು, ಬೂಟಿಲ್ಲದವರಿಗೆ ಬೂಟು ಕೊಟ್ಟು, ಒಳಗೆ ಬಿಡುವಷ್ಟರಲ್ಲೇ ಹತ್ತು ನಿಮಿಷ ಹೋಯಿತು. ಅವಳ ಕಾಲಿಗೆ ಆ ಬೂಟು ದೊಡ್ಡದು. ಅದರಲ್ಲೇ ಹುಣಸೆ ಬುಡದಿಂದ ಎಣಿಸುತ್ತಾ ನಡೆದಳು. ಮೂವತ್ತಕ್ಕೆ ಸಂದಿ ಬಂತು. ಹನ್ನೊಂದು ಅಡಿ ಉದ್ದ, ಮೂರಡಿ ಅಗಲ, ಕಾಂಗ್ರೆಸ್ ಗಿಡ, ಹಳೇ ಗೋಣಿಚೀಲ. ನಾನು ಗಿಡ ಕಿತ್ತೆ. ಸಮೀಕ್ಷಾ ಅವಸರದಲ್ಲಿ ಗಾಡಿ ತಳ್ಳಿದಳು. ಆಕಾಶದ ಮಾತು ಯಾರಿಗೂ ನೆನಪಾಗಲಿಲ್ಲ.

ಪರದೆಯ ಮೇಲೆ ಗೆರೆ ಬಂತು. ಈ ತುದಿಯಿಂದ ಆ ತುದಿಗೆ, ನೇರ, ದಪ್ಪ.

“ಎಷ್ಟು ಆಳ?” ಮ್ಯಾನೇಜರ್ ಬಗ್ಗಿ ಕೇಳಿದ.

“ನಾಲ್ಕಡಿ ಸಾರ್.” ಸಮೀಕ್ಷಾ ಪರದೆಯ ಮೇಲೆ ಬೆರಳಿಟ್ಟಳು. “ನಾಲ್ಕಡಿ ಎರಡಿಂಚು.”

ಮ್ಯಾನೇಜರ್ ತಲೆಯ ಮೇಲಿದ್ದ ಹಳದಿ ಟೋಪಿ ತೆಗೆದ. “ಸರಿಯಮ್ಮ. ನಾಳೆ ಜೆಸಿಬಿ ಬೇಡ ಅಂತೀನಿ. ನಾಲ್ಕು ಜನರನ್ನ ಬಿಟ್ಟು ಕೈಯಲ್ಲೇ ತೆಗೆಸ್ತೀನಿ.”

ಮಾರಕ್ಕ ಕುಕ್ಕರುಗಾಲಲ್ಲಿ ಕೂತು ಅಂಗೈಯನ್ನು ನೆಲದ ಮೇಲಿಟ್ಟಿದ್ದಳು. ಹಾಗೇ ಇದ್ದಳು. ನಾನು ಬೇರೆ ಕಡೆ ನೋಡಿದೆ. ಅವಳು ಎದ್ದು ಪರದೆಯ ಹತ್ತಿರ ಬಂದಳು. ಕನ್ನಡಕ ಮೂಗಿನ ಮೇಲೇರಿಸಿ, ಬೋರ್ಡಿನ ಜಾಯಿಂಟ್ ನೋಡುವ ಹಾಗೆ ಗೆರೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ತುಂಬ ಹೊತ್ತು ನೋಡಿದಳು.

“ಅಮ್ಮಣ್ಣಿ, ಆಕಾಶಕ್ಕೆ ತೋರ್ಸು.”

“ಈಗ್ಯಾಕೆ ಮಾರಕ್ಕ? ಬಂತಲ್ಲ.”

“ಅನ್ನೊಂದಡಿ ಐತೆ ಗೆರೆ. ನಮ್ಮಪ್ಪ ಆಕಿದ್ದು ಆರಡಿ ಚಪ್ಪಡಿ. ತೋರ್ಸು.”

ನಾನೂ ಸಮೀಕ್ಷಾಳೂ ಪೆಟ್ಟಿಗೆ ಬಿಚ್ಚಿ, ಮಗುಚಿ, ಮುಖ ಮೇಲೆ ಮಾಡಿ ಹಿಡಿದೆವು. ಮೇಲೆ ಬರೀ ಬಿಸಿಲು. ಗೆರೆ ಹಾಗೇ ಇತ್ತು. ಅದೇ ನಾಲ್ಕಡಿ ಎರಡಿಂಚಿಗೆ.

ಮ್ಯಾನೇಜರಿಗೆ ಅರ್ಥವಾಗಲಿಲ್ಲ. “ಏನಾಯ್ತು? ಗೆರೆ ಇದೆಯಲ್ಲ?”

ಅವನಿಗೆ ಹೌದು ಎಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ನಾಲ್ಕು ಜನ ಕೈಯಲ್ಲಿ ಅಗೆಯುತ್ತಿದ್ದರು. ಅವಳು ಐವತ್ತು ವರ್ಷದಿಂದ ಕೇಳಿದ್ದು ಅಷ್ಟನ್ನೇ. ನನ್ನ ಬಾಯಿಗೂ ಬಂದಿತ್ತು, ನುಂಗಿಕೊಂಡೆ.

“ಅದು ನಮ್ಮ ಡಬ್ಬದ್ದು ಸಾರ್,” ಎಂದಳು ಮಾರಕ್ಕ. “ನೆಲದ್ದಲ್ಲ.”

ಸಮೀಕ್ಷಾ ಮಣ್ಣಿನ ಮೇಲೇ ಕೂತು ಲ್ಯಾಪ್‌ಟಾಪ್ ತೊಡೆಗೆ ಹಾಕಿಕೊಂಡಳು. ತಪ್ಪು ಸಿಕ್ಕಿತು. ಅಲೆ ಏರುವುದು ನಿಜವಾಗಿ ಇಳಿಜಾರಿನ ಹಾಗಲ್ಲವಂತೆ, ಸಣ್ಣ ಸಣ್ಣ ಮೆಟ್ಟಿಲ ಹಾಗಂತೆ. ಮೆಟ್ಟಿಲು ಪುಟ್ಟದಿದ್ದರೆ ಇಳಿಜಾರೇ ಎನಿಸುತ್ತದೆ. ಶನಿವಾರ ಅವಳು ಎತ್ತರ ಎರಡರಷ್ಟು ಮಾಡಿದಳು, ಮೆಟ್ಟಿಲ ಸಂಖ್ಯೆ ಹೆಚ್ಚಿಸುವುದನ್ನು ಮರೆತಳು. ಒಂದೊಂದು ಮೆಟ್ಟಿಲೂ ಎತ್ತರವಾಯಿತು. ಆ ಕುಲುಕಾಟವೇ ಗೆರೆಯಾಗಿ ಕಂಡಿತು.

“ಸಾರಿ ಮಾರಕ್ಕ. ನಂದೇ ತಪ್ಪು.”

“ಅಗಲ ಮಾಡು ಅಂದೋಳು ನಾನು. ಅಳ್ಬ್ಯಾಡ, ಟೈಮಾಯ್ತದೆ. ಮೆಟ್ಲು ಸರಿ ಮಾಡು.”

ಮೂರು ನಿಮಿಷ ಹಿಡಿಯಿತು. ಆಕಾಶಕ್ಕೆ ತೋರಿಸಿದೆವು.

“ಖಾಲಿ,” ಎಂದಳು ಮಾರಕ್ಕ.

ಗಾಡಿಯನ್ನು ಎರಡು ಸಲ ತಳ್ಳಿದೆವು. ಗೋಡೆಯ ಹತ್ತಿರ ಒಂದು ನೀರಿನ ಪೈಪು ಕಮಾನಿನ ಹಾಗೆ ಕಂಡಿತು. ಅದು ಬಿಟ್ಟರೆ ಮಣ್ಣು. ಕಲ್ಲಿಲ್ಲ, ಕಲ್ಲಿನ ಚೂರೂ ಇಲ್ಲ.

ಮ್ಯಾನೇಜರ್ ಟೋಪಿಯನ್ನು ಕೈಯಲ್ಲೇ ಹಿಡಿದಿದ್ದ. “ಇರ್ಲಿ ಬಿಡಿಯಮ್ಮ. ನಿಮಗೆ ಸಮಾಧಾನ ಆಗೋದಾದ್ರೆ ಕೈಯಲ್ಲೇ ಅಗೆಸ್ತೀನಿ.”

“ಬ್ಯಾಡ ಸಾರ್. ಅವ್ಳಿಲ್ಲ ಅಲ್ಲಿ. ನೀವು ಜನರೇಟ್ರು ಕೂರ್ಸ್ಕಳ್ಳಿ.”

ವಾಪಸ್ ಬರುವಾಗ ನಾಗಸಂದ್ರದ ಮೆಟ್ರೊ ಹತ್ತಿರ ಸಮೀಕ್ಷಾಳನ್ನು ಇಳಿಸಿದೆ. ಟೆಂಪೊದಲ್ಲಿ ನಾವಿಬ್ಬರೇ ಉಳಿದೆವು.

“ಅನ್ನೊಂದಡಿ ಕಮ್ಮಿಯಾಯ್ತು ದ್ಯಾಮಣ್ಣ.”

“ಏನು?”

“ಉಡುಕೋ ಜಾಗ.”

ಸೋಮವಾರ ಜೆಸಿಬಿ ಅಗೆಯಿತು. ಊಟದ ಹೊತ್ತಿನಲ್ಲಿ ಮಾರಕ್ಕ ಗೇಟಿನ ಹತ್ತಿರ ಹೋಗಿ ನಿಂತಿದ್ದಳು, ನಾನೂ ಹೋಗಿದ್ದೆ. ಆರಡಿ ಗುಂಡಿ ತೆಗೆದರೂ ಕಲ್ಲು ಸಿಗಲಿಲ್ಲ. ಮ್ಯಾನೇಜರ್ ವಾಚ್‌ಮನ್ ಕೈಯಲ್ಲಿ ಒಂದು ಚೀಲ ಕೆಂಪು ಮಣ್ಣು ಕಳಿಸಿದ. ಒಳ್ಳೇ ಮನಸ್ಸಿನಿಂದಲೇ ಕಳಿಸಿದ್ದ.

“ತಗೊಳ್ಳಿ ಅಮ್ಮ,” ಎಂದ ವಾಚ್‌ಮನ್. “ನಿಮ್ಮ ಹೊಲದ್ದೇ ಅಲ್ವಾ.”

“ಅವ್ಳಿಲ್ದಿರೋ ಮಣ್ಣು ತಕಂಡೋಗಿ ಏನ್ ಮಾಡ್ಲಪ್ಪ, ಬದ್ನೆ ಗಿಡ ನೆಡ್ಲಾ? ನೀನೇ ಇಟ್ಕೊ.”

ವಾಚ್‌ಮನ್ ನಕ್ಕ. ಅವಳು ನಗಲಿಲ್ಲ.

ಬುಧವಾರ ಟೀ ಕುಡಿಯುವಾಗ ಮಾರಕ್ಕ ನನ್ನ ಕಾಲು ನೋಡುತ್ತಿದ್ದಳು. ನಾನು ಪ್ಯಾಂಟು ಹರಿದಿದೆಯೇನೋ ಎಂದುಕೊಂಡೆ.

“ನೀನೆಷ್ಟು ಎತ್ರ ಇದೀಯ?”

“ಆರಡಿ ಹತ್ರ ಹತ್ರ. ಯಾಕಕ್ಕ?”

“ನಮ್ಮಪ್ಪ ಮನೇಗೆ ಬರೋವಾಗ ದಿನಾ ಬಾಗ್ಲಿಗೆ ತಲೆ ಒಡ್ಕೊಳ್ಳೋನು. ನಮ್ಮವ್ವ ಬೈಯೋಳು.” ಲೋಟ ಕೆಳಗಿಟ್ಟಳು. “ಮೂವತ್ತು ಎಜ್ಜೆ ಅಂದಿದ್ದು ಅವ್ನು. ನಾನು ಇಟ್ಟಿದ್ದು ನನ್ನೆಜ್ಜೆ. ಐವತ್ತು ವರ್ಸ ನನ್ನೆಜ್ಜೇನೆ ಇಟ್ನಲ್ಲ ದ್ಯಾಮಣ್ಣ. ಬುದ್ಧಿ ಬ್ಯಾಡ್ವಾ ನಂಗೆ?”

ಅಳೆದೇ ನೋಡೋಣ ಎಂದು ಎದ್ದೆ. ಕೆಳಗಿಳಿದು ರಸ್ತೆಗೆ ಹೋದೆವು. ಅವಳು ಮೂವತ್ತು ಹೆಜ್ಜೆ ಹಾಕಿದಳು. ಅದೇ ಜಾಗದಿಂದ ನಾನೂ ಹಾಕಿದೆ. ಕೆಳಗಿನ ಶೆಡ್ಡಿನವರು ಕೆಲಸ ಬಿಟ್ಟು ನೋಡಿದರು. “ಏನ್ ಗುರು, ಸೈಟ್ ಅಳೀತಿದೀರಾ?” ಎಂದು ಒಬ್ಬ ಕೂಗಿದ. ಸಮೀಕ್ಷಾ ಟೇಪು ತಂದು ಹಿಡಿದಳು. ನಾನು ಇಪ್ಪತ್ತೊಂದು ಅಡಿ ಮುಂದೆ ನಿಂತಿದ್ದೆ.

ಆ ಸಂದಿಯಿಂದ ಇಪ್ಪತ್ತೊಂದು ಅಡಿ ಮುಂದೆ ಎಂದರೆ ಕಾಂಪೌಂಡು ದಾಟಿ ಹಿಂದಿನ ರಸ್ತೆ. ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಬೂಟು ಬೇಕಾಗಿಲ್ಲ. ಸಾರ್ ಗಾಡಿ ಇಡುವ ಕೋಣೆಯ ಬೀಗದ ಕೈಯನ್ನೇ ಕೊಟ್ಟುಬಿಟ್ಟರು. ಮುಂದಿನ ಭಾನುವಾರ ಮೂವರೂ ಹೋದೆವು.

ಸರಿಯಾಗಿ ಆ ಜಾಗದಲ್ಲಿ ಒಂದು ಟ್ರೈಲರ್ ಲಾರಿ ನಿಂತಿತ್ತು. ಮೇಲೆ ಉಕ್ಕಿನ ಸುರುಳಿ. ಅಷ್ಟು ಕಬ್ಬಿಣದ ಕೆಳಗೆ ನಮ್ಮ ಡಬ್ಬ ಕುರುಡು. ಎದುರಿನ ಟೀ ಅಂಗಡಿಯವನನ್ನು ಕೇಳಿದೆ.

“ಆಕ್ಸಲ್ ಮುರಿದೋಗಿದೆ ಅಣ್ಣ. ಡ್ರೈವರ್ ಊರಿಗೋದ. ಪಾರ್ಟ್ ಬರ್ಬೇಕಂತೆ.”

“ಯಾವಾಗ?”

“ಹದಿನೈದು ದಿನದಿಂದ ಬರ್ತಾನೇ ಇದೆ.”

ಲಾರಿಯ ಸುತ್ತ ಸಿಗುವಷ್ಟು ಜಾಗದಲ್ಲಿ ಗಾಡಿ ತಳ್ಳಿದೆವು, ಮೊದಲು ಆಕಾಶಕ್ಕೆ ತೋರಿಸಿ. ಕೇಬಲ್ ಸಿಕ್ಕಿತು, ಚರಂಡಿ ಪೈಪು ಸಿಕ್ಕಿತು. ಉಳಿದದ್ದು ಲಾರಿಯ ಹೊಟ್ಟೆಯ ಕೆಳಗಿನ ಜಾಗ.

ಈಗ ನಾಲ್ಕು ಭಾನುವಾರ ಆಯಿತು. ಪಾರ್ಟು ಬಂದಿಲ್ಲ. ನಡುವೆ ಪಿತೃಪಕ್ಷದ ಅಮಾವಾಸ್ಯೆ ಬಂತು. ಮಾರಕ್ಕ ಈ ಸಲ ಕಾರ್ಖಾನೆಯ ಒಳಗೆ ಹೋಗಲಿಲ್ಲ. ಲಾರಿಯ ಹಿಂದಿನ ಚಕ್ರದ ಪಕ್ಕ ನೆಲ ಗುಡಿಸಿ, ನೀರು ಚಿಮುಕಿಸಿ, ಎಲೆ ಹಾಸಿ ಎಡೆ ಇಟ್ಟಳು. ಮುದ್ದೆ, ಅವರೆಕಾಳು ಸಾರು. ಕಾಗೆ ಬಂದು ಲಾರಿಯ ಮೇಲೆ ಕೂತಿತು. ನಾವು ದೂರ ನಿಂತೆವು.

ಆಮೇಲೆ ಅವಳು ಬಗ್ಗಿ, ಲಾರಿಯ ಕೆಳಗಿನ ಡಾಂಬರನ್ನು ನೋಡಿದಳು. ಎಣ್ಣೆ ಸೋರಿ ಕಪ್ಪಗಿತ್ತು.

“ಪಾರ್ಟು ಯಾವ ಅಂಗಡೀಲಿ ಸಿಗ್ತದಂತೆ ದ್ಯಾಮಣ್ಣ?” ಎಂದಳು. “ನಿಂಗೆ ಗೊತ್ತಿರೋರು ಯಾರಾದ್ರೂ ಅವ್ರಾ?”

ವಿಚಾರಿಸುತ್ತೇನೆ ಎಂದೆ. ವಿಚಾರಿಸುತ್ತಿದ್ದೇನೆ.